17 ಪೆಟ್ಟಿಗೆ ಹೊತ್ತವರಿಗೆ
ವಿಚ್ಛೇದನ ಆಗಿ ಎಂಟು ತಿಂಗಳಾಯ್ತು. ಕಾಮಿಕ್ಸ್ ಬಗ್ಗೆ ಬರೆಯುವುದು ನಿಲ್ಲಿಸಿಬಿಟ್ಟಿರಾ ಅಂತ ಕೆಲವರು ಕೇಳುತ್ತಿದ್ದೀರಿ. ಇಲ್ಲ, ಈ ವಾರದಿಂದ ಮತ್ತೆ ಶುರು. ಅದಕ್ಕೂ ಮೊದಲು ಒಬ್ಬರಿಗೆ ಥ್ಯಾಂಕ್ಸ್ ಹೇಳಬೇಕು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ.

ಮನೆ ಬಿಟ್ಟ ದಿನ ನನ್ನ ಹತ್ತಿರ ಇದ್ದದ್ದು ಎರಡು ಸೂಟ್‌ಕೇಸ್ ಮತ್ತು 17 ಪೆಟ್ಟಿಗೆ ಕಾಮಿಕ್ಸ್. ಕಾಗದದ ಭಾರ ಹೊತ್ತವರಿಗೇ ಗೊತ್ತು. ಲಿಫ್ಟ್ ಬೇರೆ ಕೆಟ್ಟಿತ್ತು. ನೀವು ಮೂರು ಮಹಡಿ ಹತ್ತಿ ಇಳಿದು ಅಷ್ಟನ್ನೂ ಮೇಲೆ ತಂದಿರಿ, ಏನಾಯ್ತು, ಯಾಕಾಯ್ತು ಅಂತ ಒಂದು ಮಾತೂ ಕೇಳದೆ. ಆ ದಿನ ಕೇಳದೇ ಇದ್ದವರು ನೀವೊಬ್ಬರೇ.

ಒಂದು ಪೆಟ್ಟಿಗೆಯ ತಳ ಒದ್ದೆಯಾಗಿತ್ತು. ಹೋಗ್ಲಿ ಬಿಡಿ ಅಂದೆ. ನೀವು ಬಿಡಲಿಲ್ಲ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತೆ, ಕಾಗದ ಇನ್ನೂ ಹಳದಿಯಾಗುತ್ತೆ ಅಂತ ನಾನು ಗೊಣಗಿದ್ದಕ್ಕೆ ಕಿಟಕಿ ಪರದೆ ಎಳೆದು, ಪುಟಗಳ ನಡುವೆ ಟಿಶ್ಯೂ ಇಟ್ಟು, ಫ್ಯಾನ್ ಹಾಕಿ, ರಾತ್ರಿ ಹನ್ನೊಂದರ ತನಕ ಕೂತಿರಿ. ಮಧ್ಯೆ ಒಂದು ಪುಟ ತೋರಿಸಿ, 'ಈ ಎರಡು ಚೌಕದ ನಡುವೆ ಖಾಲಿ ಜಾಗ ಯಾಕೆ?' ಅಂದಿರಿ. ಅದಕ್ಕೆ ಗಟರ್ ಅಂತಾರೆ, ಆ ಜಾಗದಲ್ಲಿ ಏನಾಯ್ತು ಅಂತ ಓದುವವರೇ ಊಹಿಸಿಕೊಳ್ಳಬೇಕು ಅಂತ ಶುರು ಮಾಡಿದವನು ಒಂದು ಗಂಟೆ ಮಾತಾಡಿದೆ. ಎಷ್ಟೋ ತಿಂಗಳ ನಂತರ, ವಕೀಲರ ವಿಷಯ ಬಿಟ್ಟು ಬೇರೆ ಏನೋ!

ಈಗ ನಿದ್ದೆ ಬರುತ್ತಿದೆ. ಅಡುಗೆ ಇನ್ನೂ ಬರಲ್ಲ. 12ನೇ ಪೆಟ್ಟಿಗೆ ತೆರೆದಿಲ್ಲ, ಅದರಲ್ಲಿ ನಾವಿಬ್ಬರೂ ಸೇರಿ ಕೊಂಡವು ಇವೆ. ನಿಮ್ಮ ಟಾರ್ಚ್ ಇಲ್ಲೇ ಉಳಿದಿದೆ, ಬಂದು ತಗೊಂಡು ಹೋಗಿ.