ಗೇಟಿನ ನಿರ್ಧಾರ ಯಾರದ್ದು, ಹೆತ್ತವರಿಗೆ ಹೇಳಿ

ಸಂಪಾದಕರಿಗೆ ನಮಸ್ಕಾರ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ಹಾಸನ ಜಿಲ್ಲೆಯ ಹುಡುಗನೂ ಒಬ್ಬ. ಆರ್‌ಸಿಬಿ ಕ್ರಿಕೆಟ್ ತಂಡ ಐಪಿಎಲ್ ಗೆದ್ದ ಸಂಭ್ರಮಾಚರಣೆಗೆ ಸೇರಿದ್ದ ಜನ ಅವರು. ಅಭಿಮಾನಿಗಳು 2008ರಿಂದ ಕಾದಿದ್ದ ಕಪ್ಪು ಅದು. ನೋಡಿ ಖುಷಿಪಡಲು ಹೋದ ಮಕ್ಕಳದ್ದು ಏನು ತಪ್ಪು? ಆದರೂ ‘ಅಲ್ಲಿಗೆ ಯಾಕೆ ಹೋಗ್ಬೇಕಿತ್ತು’ ಅನ್ನುವ ಮಾತು ಹಾಸನದ ಹೋಟೆಲುಗಳಲ್ಲಿ ಇವತ್ತಿಗೂ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಕ್ರೀಡಾಕೂಟಗಳಲ್ಲಿ ಗೇಟು ಕಾದವನು. ನೂಕುನುಗ್ಗಲು ಶುರುವಾದರೆ ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಮುಂದಿನವರಿಗೆ ಸರಿಯಲು ಜಾಗವಿರುವುದಿಲ್ಲ. ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟುತ್ತದೆ. ಗುಂಪಿನ ಒಳಗಿದ್ದವರು ಆಗ ಏನೂ ಮಾಡಲಾಗದು. ಗೇಟು, ಪಾಸು, ಬ್ಯಾರಿಕೇಡು ಯಾರ ಕೈಯಲ್ಲಿತ್ತೋ ಅವರನ್ನೇ ಕೇಳಬೇಕು. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬರುತ್ತಿದ್ದಾರೆ ಅಂತ ಗೊತ್ತಾದ ಮೇಲೂ ಕಾರ್ಯಕ್ರಮ ಯಾಕೆ ನಿಲ್ಲಲಿಲ್ಲ?

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಿಲ್ಸ್‌ಬರೊ ಅಂತ ಫುಟ್ಬಾಲ್ ಕ್ರೀಡಾಂಗಣವಿದೆ. 1989ರ ಏಪ್ರಿಲ್ 15ರಂದು ಅಲ್ಲಿ ಪೊಲೀಸರೇ ಒಂದು ದೊಡ್ಡ ಗೇಟು ತೆರೆಸಿದರು. ಮೊದಲೇ ತುಂಬಿದ್ದ ಬೇಲಿಯೊಳಕ್ಕೆ ಜನ ನುಗ್ಗಿದರು. ಆ ದುರಂತದಲ್ಲಿ ಜೀವ ಕಳೆದುಕೊಂಡವರು 97 ಮಂದಿ. ಆದರೆ ಅಲ್ಲಿನ ಉಸ್ತುವಾರಿ ಪೊಲೀಸ್ ಅಧಿಕಾರಿ ಹೇಳಿದ್ದು, ಅಭಿಮಾನಿಗಳೇ ಗೇಟು ನುಗ್ಗಿದರು ಅಂತ. ಕುಡಿದು ಬಂದಿದ್ದರು ಅಂತಲೂ ಹಬ್ಬಿಸಿದರು. ಸತ್ತ ಪುಟ್ಟ ಮಕ್ಕಳ ರಕ್ತದಲ್ಲೂ ಮದ್ಯ ಹುಡುಕಿದರಂತೆ ಎಂದು ಓದಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದರು. ಇದು ಪೂರ್ತಿ ಬಯಲಾಗಿದ್ದು 2012ರಲ್ಲಿ. ಅಭಿಮಾನಿಗಳದ್ದು ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಅಷ್ಟರಲ್ಲಿ 27 ವರ್ಷ ಕಳೆದಿತ್ತು. ಆ ದಿನ ನೋಡದೆ ಕಣ್ಣು ಮುಚ್ಚಿದ ಅಪ್ಪ ಅಮ್ಮಂದಿರು ಎಷ್ಟೋ.

ನಮ್ಮ ಹೆತ್ತವರಿಗೆ ಹಾಗಾಗಬಾರದು. ಸರ್ಕಾರ 25 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು, ಸರಿ. ಕೆಲವು ಅಧಿಕಾರಿಗಳನ್ನು ಅಮಾನತು ಮಾಡಿತು, ಜುಲೈನಲ್ಲೇ ವಾಪಸ್ ತೆಗೆದುಕೊಂಡಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗವೂ ಅದೇ ತಿಂಗಳು ವರದಿ ಕೊಟ್ಟಿತು. ಪೊಲೀಸರು, ತಂಡದವರು, ಕ್ರಿಕೆಟ್ ಸಂಸ್ಥೆ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದ್ದನ್ನೂ ನೋಡಿದೆವು.

ಈಗ ಮಾಡಬೇಕಾದ್ದು ಇಷ್ಟು. ಆಯೋಗದ ವರದಿಯ ಪ್ರತಿ, ಅಂದಿನ ಸಿಸಿಟಿವಿ ದೃಶ್ಯ, ಪೊಲೀಸ್ ವೈರ್‌ಲೆಸ್ ಸಂದೇಶಗಳ ದಾಖಲೆ, ಇವೆಲ್ಲ ಹನ್ನೊಂದು ಮನೆಗಳಿಗೂ ತಲುಪಬೇಕು. ಯಾವ ಗೇಟು ಎಷ್ಟು ಗಂಟೆಗೆ, ಯಾರ ಮಾತಿಗೆ ಮುಚ್ಚಿತು, ಯಾರ ಮಾತಿಗೆ ತೆರೆಯಿತು ಅನ್ನುವುದು ಕನ್ನಡದಲ್ಲಿ ಅವರ ಕೈ ಸೇರಲಿ. ಜಿಲ್ಲೆಯ ಶಾಸಕರಲ್ಲಿ ನನ್ನ ವಿನಂತಿ: ಪಕ್ಷ ಬದಿಗಿಟ್ಟು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಿ. ಉತ್ತರವನ್ನು ಲಿಖಿತವಾಗಿ ಪಡೆದು, ಆ ಹುಡುಗನ ಮನೆಗೆ ನೀವೇ ಹೋಗಿ ಕೊಡಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕೆ.ಆರ್. ಪುರಂ, ಹಾಸನ