ನಗರಗಳ ಗಾಳಿಗೆ ರ‍್ಯಾಂಕ್ ಸಾಲದು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ನಗರಗಳ ವಾಯು ಗುಣಮಟ್ಟ ಸೂಚ್ಯಂಕದ (ಎಕ್ಯೂಐ) ಪಟ್ಟಿ ಶುರುವಾಗುತ್ತದೆ. ದೆಹಲಿಯ ಅಂಕಿಯ ಪಕ್ಕದಲ್ಲಿ ಬೆಂಗಳೂರಿನದನ್ನು ನೋಡಿ, ನಾವು ಉಗುಳುವ ಹೊಗೆಯೇ ಕಡಿಮೆ ಎಂದು ಓದುಗರು ಸಮಾಧಾನಪಡುತ್ತಾರೆ. ಸೂಚ್ಯಂಕ ಹೇಳುವುದು ಗಾಳಿಯಲ್ಲಿ ಉಳಿದ ಮಾಲಿನ್ಯವನ್ನು ಮಾತ್ರ, ಎಷ್ಟು ಹೊಗೆ ಉಗುಳಿದೆವು ಎಂಬುದನ್ನಲ್ಲ.

ಹೊಗೆ ಎಷ್ಟು ಎತ್ತರದವರೆಗೆ ಬೆರೆಯುತ್ತದೆ, ಗಾಳಿ ಎಷ್ಟು ವೇಗವಾಗಿ ಬೀಸುತ್ತದೆ ಎಂಬ ಎರಡು ಅಂಕಿಗಳನ್ನು ಗುಣಿಸಿದರೆ ಚದುರುವ ಸಾಮರ್ಥ್ಯ ಸಿಗುತ್ತದೆ. ಎತ್ತರ 1,500 ಮೀಟರ್, ವೇಗ ಸೆಕೆಂಡಿಗೆ 4 ಮೀಟರ್ ಆದರೆ 6,000. ಎತ್ತರ 300ಕ್ಕೂ ವೇಗ 2ಕ್ಕೂ ಇಳಿದರೆ ಬರೀ 600. ಒಂದೇ ಒಂದು ವಾಹನ ಹೆಚ್ಚದಿದ್ದರೂ ಕಣಗಳ ಸಾಂದ್ರತೆ ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ದೆಹಲಿಯ ಮುನ್ಸೂಚನೆಗಳಲ್ಲಿ ಈ ಗುಣಲಬ್ಧ 6,000ಕ್ಕಿಂತ ಕೆಳಗಿದ್ದು, ಗಾಳಿ ಗಂಟೆಗೆ 10 ಕಿ.ಮೀ. ಒಳಗಿದ್ದರೆ ಪ್ರತಿಕೂಲ ಸ್ಥಿತಿ ಎನ್ನುತ್ತಾರೆ.

ದೆಹಲಿಯೂ ಸೇರಿದ ಗಂಗಾ ಬಯಲಿನ ಉತ್ತರಕ್ಕೆ ಹಿಮಾಲಯ ಅಡ್ಡ ನಿಂತಿದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಕೆಳಗಿನ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಚಳಿ ಸೌಮ್ಯ, ಮಧ್ಯಾಹ್ನದ ಬಿಸಿಲು ಗಾಳಿಯನ್ನು ಚೆನ್ನಾಗಿ ಕದಡುತ್ತದೆ. ಕರಾವಳಿಗಾದರೆ ಕಡಲ ಗಾಳಿಯ ನೆರವು.

ಹಾಗೆಂದು ಎಲ್ಲವನ್ನೂ ಭೂಗೋಳದ ಮೇಲೆ ಹಾಕುವಂತಿಲ್ಲ. ಭತ್ತದ ಕೂಳೆ ಸುಡುವುದು ಅಕ್ಟೋಬರ್‌–ನವೆಂಬರ್‌ನ ಕೆಲವೇ ವಾರ. ಸೌದೆ–ಬೆರಣಿ ಒಲೆ, ಇಟ್ಟಿಗೆ ಗೂಡು, ಕಲ್ಲಿದ್ದಲು, ಡೀಸೆಲ್ ಹೊಗೆ ಅದಾದ ಮೇಲೂ ಇರುತ್ತವೆ. ಹೆಚ್ಚು ಚರ್ಚೆಯಾಗದ ಇನ್ನೊಂದು ಮೂಲವಿದೆ: ಯೂರಿಯಾ ಮತ್ತು ಸಗಣಿ–ಗಂಜಲದಿಂದ ಏಳುವ ಅಮೋನಿಯಾ, ಕಲ್ಲಿದ್ದಲಿನ ಗಂಧಕದ ಡೈಆಕ್ಸೈಡ್ ಮತ್ತು ವಾಹನಗಳ ಸಾರಜನಕದ ಆಕ್ಸೈಡ್‌ಗಳು ಆಕಾಶದಲ್ಲೇ ಸೇರಿ ಸೂಕ್ಷ್ಮ ಕಣಗಳಾಗುತ್ತವೆ. ಚಳಿ ಮತ್ತು ತೇವ ಇದಕ್ಕೆ ಅನುಕೂಲ. ಚಿಮಣಿಯಿಂದ ಅನಿಲವಾಗಿ ಹೊರಟದ್ದು ಎಷ್ಟೋ ದೂರದಲ್ಲಿ ಕಣವಾಗುವುದರಿಂದ ದೂಳು ಹಿಡಿಯುವ ಸಾಧನಕ್ಕೆ ಅದು ಸಿಗುವುದಿಲ್ಲ, ಪಾಲಿಕೆಯ ಗಡಿಗೂ ನಿಲ್ಲುವುದಿಲ್ಲ.

ನಮ್ಮ ಬಯಲುಸೀಮೆಯ ಕಥೆ ಬೇರೆ. ಒಣ ನೆಲ, ಅಂಚು ಕಟ್ಟದ ರಸ್ತೆ, ಜಲ್ಲಿ ಕ್ರಷರ್, ಟಾರ್ಪಾಲು ಹೊದಿಸದ ಲಾರಿ, ಇವುಗಳ ದಪ್ಪ ದೂಳೇ ಇಲ್ಲಿ ಮುಖ್ಯ. ಪತ್ತೆ ಹಚ್ಚುವುದು ಕಷ್ಟವಲ್ಲ. ಪಿಎಂ 2.5 ಎಂದರೆ 2.5 ಮೈಕ್ರಾನ್ (ಒಂದು ಮೈಕ್ರಾನ್ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗಿನ ಸಣ್ಣ ಕಣ, ಪಿಎಂ 10 ಎಂದರೆ 10 ಮೈಕ್ರಾನ್ ಒಳಗಿನ ಎಲ್ಲ ಕಣ. ಪಿಎಂ 2.5ರ ಅಂಕಿಯನ್ನು ಪಿಎಂ 10ರಿಂದ ಭಾಗಿಸಿ. 0.3ರ ಆಸುಪಾಸಿನಲ್ಲಿದ್ದರೆ ಹೆಚ್ಚಾಗಿ ದೂಳು, 0.6 ದಾಟಿದರೆ ಸುಟ್ಟ ಹೊಗೆ ಅಥವಾ ಅನಿಲದಿಂದ ಹುಟ್ಟಿದ ಕಣ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ಪ್ರಗತಿ ಅಳೆದದ್ದು ಮಾತ್ರ ಪಿಎಂ 10ರಿಂದ. ರಸ್ತೆಗೆ ನೀರು ಚಿಮುಕಿಸಿದರೂ ಅಂಕ ಬರುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಕಣ ಇದ್ದಲ್ಲೇ ಇರುತ್ತದೆ. ಕಸಕ್ಕೆ ಬೆಂಕಿ ಹಚ್ಚುವುದನ್ನು ತಡೆದರೆ ಆಗುವ ಲಾಭ ಈ ಲೆಕ್ಕದಲ್ಲಿ ಕಾಣುವುದೇ ಕಡಿಮೆ.

ಮೊಬೈಲ್ ಆ್ಯಪ್‌ಗಳ ಗೊಂದಲ ಬೇರೆ. ಕೆಲವು ಭಾರತದ ಸೂಚ್ಯಂಕ ತೋರಿಸಿದರೆ ಕೆಲವು ಅಮೆರಿಕದ್ದನ್ನು ತೋರಿಸುತ್ತವೆ. ಪಿಎಂ 2.5 ಘನ ಮೀಟರಿಗೆ 55 ಮೈಕ್ರೊಗ್ರಾಂ ಇದ್ದರೆ ಭಾರತದ ಸೂಚ್ಯಂಕ ಸುಮಾರು 90, ಅಮೆರಿಕದ್ದು 150ರ ಹತ್ತಿರ. ಗಾಳಿ ಅದೇ! ಅಗ್ಗದ ಸಂವೇದಕಗಳು ತೇವಾಂಶ ಶೇ 80 ದಾಟಿದಾಗ ನೀರು ಹೀರಿ ಉಬ್ಬಿದ ಕಣಗಳನ್ನೂ ಹೊಗೆಯ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಮಂಜು ಕವಿದ ಬೆಳಗಿನ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ.

ಆದ್ದರಿಂದ ತಾವು ರ‍್ಯಾಂಕಿನ ಜೊತೆಗೆ ಪಿಎಂ 2.5 ಮತ್ತು ಪಿಎಂ 10ರ 24 ಗಂಟೆಗಳ ಸರಾಸರಿಯನ್ನು ಮೈಕ್ರೊಗ್ರಾಂನಲ್ಲಿ, ಎಷ್ಟು ಮಾಪನ ಕೇಂದ್ರಗಳ ಲೆಕ್ಕ ಎಂಬುದನ್ನು ಮತ್ತು ಆ ದಿನದ ಗಾಳಿಯ ವೇಗವನ್ನು ಪ್ರಕಟಿಸಬೇಕೆಂದು ಕೋರುತ್ತೇವೆ.

– ವಾಯುಮಾಲಿನ್ಯ ಮಾಪನ ಕ್ಷೇತ್ರದ ಓದುಗರು