ಆ ಸಂದೇಶ ಅಳಿಸು, ಗೆಳೆಯಾ

ಮಂಗಳೂರು

ಪ್ರೀತಿಯ ಗೆಳೆಯಾ,

ನಿನಗೆ ಒಪ್ಪಿಗೆಯಾಗದ ತೀರ್ಪು ಕೊಟ್ಟ ನ್ಯಾಯಾಧೀಶರೊಬ್ಬರ ಫೋಟೊ, ಅವರ ಮನೆಯಿರುವ ರಸ್ತೆಯ ಹೆಸರು, ಕೆಳಗೆ ‘ಇವರಿಗೆ ಪಾಠ ಕಲಿಸಬೇಕು’ ಎಂಬ ಸಾಲು. ನಿನ್ನೆ ನೀನು ಗುಂಪಿಗೆ ಹಾಕಿದ ಈ ಸಂದೇಶ ನೋಡಿ ರಾತ್ರಿ ನಿದ್ದೆ ಹತ್ತಲಿಲ್ಲ. ಕೇಳಿದರೆ, ‘ಅವರಿಗೇನು, ಗನ್‌ಮ್ಯಾನ್ ಇರುತ್ತಾರೆ’ ಎಂದೆ ನೀನು.

2021ರ ಜುಲೈ 28ರ ಬೆಳಿಗ್ಗೆ ಜಾರ್ಖಂಡಿನ ಧನಬಾದಿನಲ್ಲಿ ನ್ಯಾಯಾಧೀಶ ಉತ್ತಮ್ ಆನಂದ್ ರಸ್ತೆಯಂಚಿನಲ್ಲಿ ಒಬ್ಬರೇ ಓಡುತ್ತಿದ್ದರು. ಆಟೊ ಅವರತ್ತಲೇ ತಿರುಗಿ ಗುದ್ದಿದ್ದು ಸಿಸಿಟಿವಿಯಲ್ಲಿದೆ; ಅವರು ಉಳಿಯಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ, ನಮ್ಮ ಉಡುಪಿಯಿಂದ ಹೊರಟ ಹಿಜಾಬ್ ಪ್ರಕರಣದ ತೀರ್ಪು ಕೊಟ್ಟ ಮೂವರು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ವೈ ಶ್ರೇಣಿಯ ಭದ್ರತೆ ಒದಗಿಸಬೇಕಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಬೆದರಿಕೆಯ ವಿಡಿಯೊದಲ್ಲಿ ಧನಬಾದಿನ ಆ ಸಾವನ್ನೇ ನೆನಪಿಸಲಾಗಿತ್ತು.

ನನ್ನ ಅಪ್ಪ ಕೋರ್ಟಿನಲ್ಲಿ ಅಮೀನರಾಗಿದ್ದುದು ನಿನಗೆ ಗೊತ್ತು. ಬಟ್ಟೆಯ ಚೀಲದಲ್ಲಿ ಸಮನ್ಸು, ವಾರಂಟು ತುಂಬಿಕೊಂಡು ಸರ್ವಿಸ್ ಬಸ್ಸಿಳಿದು, ಗದ್ದೆಯ ಹುಣಿಯ ಮೇಲೆ ಒಬ್ಬರೇ ನಡೆದುಹೋಗುತ್ತಿದ್ದರು. ಒಮ್ಮೆ ಜಾಗದ ಡಿಕ್ರಿ ಜಾರಿಗೆಂದು ಬಂಟ್ವಾಳದ ಕಡೆ ಹೋದವರು ಕತ್ತಲಾದ ಮೇಲೆ ಬಂದರು. ಅಂಗಿಯ ಜೇಬು ಹರಿದು ನೇತಾಡುತ್ತಿತ್ತು, ಎಡಗೈಗೆ ಬೈರಾಸಿನ ತುಂಡು ಸುತ್ತಿತ್ತು. ಎದುರಾದವನು ತೋಟದಿಂದ ಕತ್ತಿ ಹಿಡಿದೇ ಬಂದಿದ್ದನಂತೆ. ಊಟಕ್ಕೆ ಕೂರುವ ಮೊದಲು ಅಪ್ಪ ವಾರಂಟನ್ನು ಮೇಜಿನ ಮೇಲೆ ಹರವಿ, ಮುದುಡಿದ ಕಡೆಯೆಲ್ಲ ಅಂಗೈಯಿಂದ ತಿಕ್ಕಿ, ‘ಅಡ್ಡಿಪಡಿಸಿದ್ದರಿಂದ ಜಾರಿಯಾಗದೆ ವಾಪಸು’ ಎಂದು ಹಿಂಬದಿಯಲ್ಲಿ ಷರಾ ಬರೆದರು. ಕೈ ನಡುಗಿ ‘ವಾಪಸು’ ಎಂಬುದನ್ನು ಹೊಡೆದು ಮತ್ತೆ ಬರೆಯಬೇಕಾಯಿತು.

‘ಇಪ್ಪತ್ತು ವರ್ಷ ಕೇಸು ನಡೆಸಿ ಸೋತವನು. ತೀರ್ಪು ಬರೆದವರ ಮುಖವೂ ಅವನಿಗೆ ನೆನಪಿರಲಿಕ್ಕಿಲ್ಲ. ಜಾಗ ಬಿಡು ಎನ್ನಲು ಅಂಗಳಕ್ಕೆ ಹೋದವನು ನಾನಲ್ಲವೇ?’ ಎಂದರು. ಅವರು ಅವನನ್ನು ಅಂದೇ ಕ್ಷಮಿಸಿದ್ದರು. ನನಗಿನ್ನೂ ಆಗಿಲ್ಲ.

ನಿನ್ನನ್ನು ಕೆರಳಿಸಿದ ತೀರ್ಪು ನನಗೂ ಸರಿ ಕಂಡಿಲ್ಲ. ಮೇಲ್ಮನವಿ ಹಾಕುವವರಿಗೆ ಹಣ ಹೊಂದಿಸೋಣ, ಪತ್ರಿಕೆಗೆ ಬರೆಯೋಣ. ಮುಗಿದ ಪ್ರಕರಣದ ತೀರ್ಪನ್ನು ನ್ಯಾಯಯುತವಾಗಿ ಟೀಕಿಸಲು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ನೇ ಅವಕಾಶ ಕೊಟ್ಟಿದೆ. ಆದರೆ ಮನೆಯ ರಸ್ತೆ ಯಾಕೆ ಬೇಕು ನಿನಗೆ? ಆ ರಸ್ತೆಯಲ್ಲಿ ಅವರ ಮಕ್ಕಳೂ ಓಡಾಡುತ್ತಾರೆ.

ಇವತ್ತೇ ಅಳಿಸು. ನಿನಗೆ ಕಳಿಸಿದವರಿಗೂ ಫೋನು ಮಾಡಿ ಅಳಿಸಲು ಹೇಳು. ಭಾನುವಾರ ಮನೆಗೆ ಬಾ, ಅಪ್ಪ ನಿನ್ನನ್ನು ಕೇಳುತ್ತಿರುತ್ತಾರೆ. ಅವರ ಚೀಲ ಇನ್ನೂ ಚಾವಡಿಯ ಮೊಳೆಯಲ್ಲೇ ಇದೆ.

ನಿನ್ನ ಗೆಳೆಯ